ಊಟದ ನಂತರದ ಮಾತ್ರೆ, ಅಣ್ಣನ ಅಂಗೈ

ಸತ್ತವರು ಸಿಗರೇಟು ಸೇದುತ್ತಾರೆ ಎಂದು ನಾನು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ಹೇಳಲಾರೆ. ಸೇದುವುದಿಲ್ಲ ಎಂದೂ ಹೇಳಲಾರೆ. ಸಾಗರದ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು, ಇವತ್ತು ಈ ಕಡೆ ನಾಳೆ ಆ ಕಡೆ ವಾದ ಮಾಡಿ ತಲೆ ನರೆಸಿಕೊಂಡವನು ನಾನು. ಯಾವ ಸಂಗತಿಗಾದರೂ ಎರಡು ಮಗ್ಗುಲು ಹುಡುಕುವುದು ನನ್ನ ಹೊಟ್ಟೆಪಾಡು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಎರಡೂ ಮಗ್ಗುಲಲ್ಲಿ ಮಲಗಿದರೂ ನಿದ್ದೆ ಹತ್ತುವುದಿಲ್ಲ.

ಈ ಸಲ ನಾನು ಸಿಗರೇಟು ಬಿಡಲು ಹೊರಟದ್ದು ಡಾಕ್ಟರ ಚೀಟಿಯ ಮಾತ್ರೆ ಹಿಡಿದು. ಹಿಂದೆ ಬಿಟ್ಟಿದ್ದೆಲ್ಲ ಬರೀ ಪೌರುಷದಿಂದ. ಆ ಪೌರುಷ ಮನೆಯಿಂದ ಕೋರ್ಟಿನ ಕ್ಯಾಂಟೀನಿನ ತನಕ ಬಾಳುತ್ತಿತ್ತು, ಚಹಾ ಬಂದ ಕೂಡಲೇ ಕಣ್ಣು ಮುಚ್ಚುತ್ತಿತ್ತು. ನಮ್ಮ ಡಾಕ್ಟರಮ್ಮ ನನಗಿಂತ ಚಿಕ್ಕವರು, ಆದರೆ ಪಾಟೀಸವಾಲಿನಲ್ಲಿ ನನ್ನನ್ನು ಮೀರಿಸುವವರು. ಯಾವತ್ತಾದರೂ ಫಿಟ್ಸ್ ಬಂದಿತ್ತೇ, ಕಿಡ್ನಿ ಹೇಗಿದೆ, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಂಡದ್ದುಂಟೇ, ಬೇರೆ ಏನೇನು ಮಾತ್ರೆ ನುಂಗುತ್ತೀರಿ, ಕುಡಿಯುವುದೆಷ್ಟು ಎಂದೆಲ್ಲ ಕೇಳಿ, ನಾನು ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಂಬದೆ ಇನ್ನೊಮ್ಮೆ ಕೇಳಿದರು. ಮೊದಲ ವಾರ ಸೇದುತ್ತಲೇ ಮಾತ್ರೆ ಶುರು ಮಾಡುವುದು, ಆಮೇಲೆ ಗೊತ್ತು ಮಾಡಿದ ದಿನ ಸಿಗರೇಟು ಪೂರಾ ನಿಲ್ಲಿಸುವುದು ಎಂದು ತೀರ್ಮಾನವಾಯಿತು.

“ಹೊಟ್ಟೆ ತುಂಬ ತಿಂದು, ದೊಡ್ಡ ಲೋಟದಲ್ಲಿ ನೀರು ಕುಡ್ದು ತಗೊಳ್ಳಿ. ಕನಸು ಜೋರಾಗಿ ಬೀಳ್ಬಹುದು, ಬಿದ್ರೆ ನಂಗೆ ಹೇಳಿ. ಮನಸ್ಸು ಕುಗ್ಗಿದ್ರೆ, ಬದುಕೋದೇ ಬೇಡ ಅನ್ಸಿದ್ರೆ, ಮಾತ್ರೆ ನಿಲ್ಸಿ ಆ ಕ್ಷಣ ಫೋನ್ ಮಾಡಿ. ನಾಚ್ಕೊಂಡು ಕೂತ್ಕೋಬೇಡಿ ವಕೀಲ್ರೇ,” ಎಂದರು.

ಗೊತ್ತು ಮಾಡಿದ ದಿನ ಬಂತು, ಸಿಗರೇಟು ನಿಂತಿತು. ನನಗೇ ಆಶ್ಚರ್ಯ. ಆದರೆ ಸಿಗರೇಟು ಹೋದ ಬಾಗಿಲಿನಿಂದಲೇ ಅಣ್ಣ ಒಳಗೆ ಬಂದ.

ಅಣ್ಣ ತೀರಿಹೋಗಿ ವರ್ಷಗಳಾಗಿವೆ. ಶ್ವಾಸಕೋಶ ಸುಟ್ಟುಕೊಂಡೇ ಹೋದವನು. ನನಗೆ ಮೊದಲ ಬೀಡಿ ಹೊತ್ತಿಸಿಕೊಟ್ಟವನೂ ಅವನೇ. ಬೆಂಕಿಪೊಟ್ಟಣ ಕೈಗೆ ಬಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಡ್ಡಿಯ ಸದ್ದು ಕೇಳಿಸಿಕೊಂಡು ಆಮೇಲೆ ಜೇಬಿಗಿಳಿಸುವುದು ಅವನ ಅಭ್ಯಾಸ. ಕನಸಿನಲ್ಲಿ ಅವನು ಕೋರ್ಟಿನೊಳಗೆ ಕೂತಿರುತ್ತಿದ್ದ, ಕಕ್ಷಿದಾರರ ಬೆಂಚಿನಲ್ಲಿ. ಮಾತಿಲ್ಲ. ನಾನು ವಾದ ಮಾಡುತ್ತಿರುವಾಗ ಎದ್ದು ಬಂದು ಬಲಗೈಯ ಅಂಗೈ ಚಾಚುತ್ತಿದ್ದ, ಅಷ್ಟೇ. ಅಂಗೈಯ ಗೆರೆಗಳು, ಬೆರಳ ತುದಿಯ ಹಳದಿ ಕಲೆ, ಉಗುರಿನ ಸಂದಿಯ ಮಣ್ಣು ಕೂಡ ಸ್ಪಷ್ಟ. ಎಚ್ಚರವಾದ ಮೇಲೂ ಆ ಕೈ ಸೊಳ್ಳೆಪರದೆಯ ಆಚೆ ಇದೆ ಎಂದು ಅನ್ನಿಸಿ ಮೈ ಜುಂ ಎನ್ನುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಡಾಕ್ಟರಿಗೆ ಮಾತ್ರ ಹೇಳಲಿಲ್ಲ. ‘ನಮ್ಮಣ್ಣ ಸತ್ತಿದ್ದಾನೆ, ದಿನಾ ಕೋರ್ಟಿಗೆ ಬರ್ತಾನೆ’ ಎಂದು ಹೇಳಿದರೆ ಅವರು ಯಾವ ಡಾಕ್ಟರ ಹತ್ತಿರ ಕಳಿಸುತ್ತಾರೋ ಯಾರು ಬಲ್ಲರು!

ಒಂದು ವಿಷಯ ಯೋಚಿಸಿ ನೋಡಿ. ಹೊಗೆಸೊಪ್ಪು ಈ ನೆಲದ್ದಲ್ಲ, ಕಡಲು ದಾಟಿ ಹಡಗಿನಲ್ಲಿ ಬಂದದ್ದು. ಹಾಗಾದರೆ ಅದಕ್ಕೆ ಮೊದಲು ಸತ್ತ ನಮ್ಮ ಹಿರಿಯರು ಎಡೆಯ ಎದುರು ಕೂತು ಏನು ಕೇಳುತ್ತಿದ್ದರೋ? ಈಗಂತೂ ನಮ್ಮ ಕಡೆ ಕಾಡುದಾರಿಯಲ್ಲಿ ಒಂಟಿಯಾಗಿ ಹೋಗುವವನು ಪ್ರೇತ ಹತ್ತಿರ ಸುಳಿಯದಿರಲಿ ಎಂದು ಬೀಡಿ ಹೊತ್ತಿಸುತ್ತಾನೆ. ಅದೇ ಮನುಷ್ಯ ಮಹಾಲಯ ಅಮಾವಾಸ್ಯೆಯ ದಿನ ಸತ್ತವರನ್ನು ಕರೆದು ಕೂರಿಸಿ ಅದೇ ಬೀಡಿ ಕೊಡುತ್ತಾನೆ. ಓಡಿಸುವುದಕ್ಕೂ ಕರೆಯುವುದಕ್ಕೂ ಒಂದೇ ವಸ್ತು. ಇಂಥ ಸಾಕ್ಷ್ಯವನ್ನು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ, ನಮ್ಮೂರಿನಲ್ಲಿ ಎಲ್ಲರೂ ಒಪ್ಪುತ್ತಾರೆ.

ನಮ್ಮೂರು ಹೊಸನಗರದಿಂದ ಹುಂಚದ ಕಡೆ ಹೋಗುವ ದಾರಿಯಲ್ಲಿದೆ. ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವುದು ಅಲ್ಲಿ ಅತ್ತಿಗೆಯ ಮನೆಯಲ್ಲಿ. ಬಾಳೆಯೆಲೆ ಹಾಸಿ, ಸತ್ತವರಿಗೆ ಏನೇನು ಪ್ರೀತಿಯೋ ಅದೆಲ್ಲವನ್ನೂ ಬಡಿಸಿ, ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಅವರು ಉಂಡ ಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುವುದು. ಅಲ್ಲಿಯ ತನಕ ಮನೆಯಲ್ಲಿ ಯಾರೂ ತುತ್ತು ಬಾಯಿಗಿಡುವಂತಿಲ್ಲ. ಅಣ್ಣನ ಎಲೆಗೆ ಸಿಗರೇಟು ಇಡುವ ಕೆಲಸ ತಮ್ಮನಾದ ನನ್ನದು. ಸುಮ್ಮನೆ ಇಟ್ಟರಾಗದು, ಹೊತ್ತಿಸಿ, ಒಂದು ದಮ್ಮು ಎಳೆದು, ಕೆಂಡ ಹಿಡಿದ ಮೇಲೆ ಇಡಬೇಕು.

ಆ ಒಂದು ದಮ್ಮೇ ನನ್ನ ಸಂಕಟ. ಒಂದಕ್ಕೆ ನಿಲ್ಲುವ ಜಾತಿಯವನು ನಾನಲ್ಲ. ಎಳೆದರೆ ಸಾಗರಕ್ಕೆ ವಾಪಸು ಮುಟ್ಟುವಷ್ಟರಲ್ಲಿ ಪ್ಯಾಕು ಖಾಲಿ, ಆಮೇಲೆ ಅಣ್ಣ ಹಿಡಿದ ದಾರಿಯೇ. ಎಳೆಯದಿದ್ದರೆ ಆ ಚಾಚಿದ ಕೈ.

ಇದರ ಮೇಲೆ ನನ್ನ ವಕೀಲಿ ಬುದ್ಧಿ. ಬೆಳಗಿನ ಮಾತ್ರೆ ಊಟದ ನಂತರ ಎಂದು ಡಾಕ್ಟರು, ಎಡೆಗೆ ಮುಂಚೆ ಊಟ ಕೂಡದು ಎಂದು ಹಿರಿಯರು. ಎರಡು ಕಾನೂನಿನ ನಡುವೆ ನಾನೊಂದು ಸಂದು ಹುಡುಕಿದೆ: ಮಾತ್ರೆ ಎಂಬುದು ಅನ್ನವಲ್ಲ, ಆದ್ದರಿಂದ ಅದು ಉಪವಾಸವನ್ನು ಮುರಿಯದು. ಈ ಸಲದ ಅಮಾವಾಸ್ಯೆಯ ಬೆಳಿಗ್ಗೆ ತೀರ್ಥದಷ್ಟು ನೀರಿನಲ್ಲಿ ನುಂಗಿಬಿಟ್ಟೆ.

ಎಲೆಯ ಎದುರು ಕೂತು ಸಿಗರೇಟನ್ನು ತುಟಿಯ ಹತ್ತಿರ ತಂದೆ, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು. ಬೆವರು ಕಿತ್ತುಕೊಂಡು ಬಂತು, ಗೋಡೆಗಳು ವಾಲಿದವು. ಸಿಗರೇಟನ್ನು ಎಲೆಯ ಮೇಲೆ ಬಿಟ್ಟು ಎದ್ದು ಓಡಿ ಅಂಗಳದ ಮೂಲೆಯಲ್ಲಿ ಬಗ್ಗಿದೆ. ವಾಂತಿ ನಿಲ್ಲುವಷ್ಟರಲ್ಲಿ ಮನೆಯವರೆಲ್ಲ ಸುತ್ತ ನಿಂತಿದ್ದರು, ಯಾರೂ ಹತ್ತಿರ ಬರಲೊಲ್ಲರು.

“ಅವ್ನೇ ಬಂದಾನೆ ಕಣ್ರಾ! ಸಿಟ್ಟು ಮಾಡ್ಕಂಡಾನೆ,” ಎಂದರು ಚಿಕ್ಕಪ್ಪ. ನಮ್ಮ ಮನೆಯ ಈಗಿನ ಹಿರಿಯರು ಅವರೇ. “ಏ ಮಾರಾಯ, ಆ ಸಿಗ್ರೇಟು ಹೊತ್ಸಿ ಕೊಡಾ ಅವ್ನಿಗೆ. ಬ್ಯಾರೆ ಎಂತದೂ ಬ್ಯಾಡ.”

ಕನಸಿನ ವಿಷಯ ಅಲ್ಲೇ ಬಾಯಿಬಿಟ್ಟೆ. ಅಂಗೈ ಚಾಚುತ್ತಾನೆ ಎಂದ ಕೂಡಲೇ ಚಿಕ್ಕಪ್ಪ, “ನೋಡಿದ್ಯಾ! ಕೇಳ್ತಾ ಅದಾನೆ ಪಾಪ!” ಎಂದು ಕಣ್ಣೊರೆಸಿಕೊಂಡರು.

ಕೊನೆಗೆ ಅತ್ತಿಗೆಯೇ ನನ್ನ ರಟ್ಟೆ ಹಿಡಿದು, ಫೋನಿಗೆ ಸಿಗ್ನಲ್ ಸಿಗುವ ಕಣದ ಕಲ್ಲಿನ ಮೇಲೆ ನಿಲ್ಲಿಸಿದರು. ಡಾಕ್ಟರಮ್ಮನ ಮೊದಲ ಪ್ರಶ್ನೆ: “ಖಾಲಿ ಹೊಟ್ಟೇಲಿ ತಗೊಂಡ್ರಾ?” ನಾನು ನನ್ನ ಕಾನೂನಿನ ಸಂದನ್ನು ವಿವರಿಸಿದೆ. ಅವರು ಆ ಕಡೆ ನಕ್ಕುಬಿಟ್ಟರು. “ವಾಂತಿ ಆಯ್ತು ಅಂತ ಇನ್ನೊಂದು ನುಂಗ್ಬೇಡಿ. ಸಂಜೇದನ್ನ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡೇ ತಗೊಳ್ಳಿ. ನೀವಾಗೇ ನಿಲ್ಲಿಸ್ಲೂಬೇಡಿ.” ಆಮೇಲೆ ಕನಸು ಹೇಳಿದೆ. ಅವರ ದನಿ ಗಂಭೀರವಾಯಿತು. ಮನಸ್ಸು ಕುಗ್ಗಿದೆಯೇ, ಜೀವ ಬೇಡ ಎನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿದರು. ಇಲ್ಲ, ಬರೀ ಹೆದರಿಕೆ ಎಂದೆ. “ಹಾಗಾದ್ರೆ ಎರಡನೇ ಮಾತ್ರೆ ರಾತ್ರಿ ಊಟಕ್ಕೆ ಕಾಯದೆ ಸಂಜೆ ತಿಂಡಿ ಆದ್ಮೇಲೆ ತಗೊಳ್ಳಿ, ಕನಸು ಕಮ್ಮಿ ಆಗ್ಬಹುದು. ನಾಡಿದ್ದು ಬಂದು ನನ್ನ ಕಾಣಿ,” ಎಂದರು.

ವಾಂತಿಗೆ ಕಾರಣ ಸಿಕ್ಕಿತು ಎಂದು ನಾನು ಗೆದ್ದವನಂತೆ ಅಂಗಳಕ್ಕೆ ಬಂದೆ. ಚಿಕ್ಕಪ್ಪ ಸೋಲಲಿಲ್ಲ. “ಹೊಟ್ಟೆದು ಡಾಕ್ಟ್ರು ಹೇಳಿದ್ರು ಸರಿ. ಕೈದು ಯಾರು ಹೇಳ್ತಾರೆ?” ಎಂದರು.

ಅತ್ತಿಗೆ ಒಳಗೆ ಹೋಗಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ನನ್ನೆದುರು ಮುಚ್ಚಳ ತೆಗೆದರು. ತುಂಬ ಬೆಂಕಿಪೊಟ್ಟಣ. ಕೆಲವು ಅರ್ಧ ಖಾಲಿ, ಕೆಲವಕ್ಕೆ ಬೂಷ್ಟು ಹಿಡಿದಿತ್ತು.

“ಎಲ್ಲ ನಿಂದೇ ತಮ್ಮ,” ಎಂದರು. “ನೀ ಬಂದಾಗ ಅಂಗಿ ಗೂಟಕ್ಕೆ ಹಾಕಿ ಬಚ್ಚಲಿಗೆ ಹೋಗ್ತಿದ್ಯಲ್ಲ, ಆವಾಗ ನಿಮ್ಮಣ್ಣ ಜೇಬಿಂದ ತೆಗೀತಿದ್ರು. ಕಡೇಗೆ ಏಳಕೇ ಆಗ್ತಿರ್ಲಿಲ್ಲ, ಮಾತಾಡಕೆ ಉಸ್ರೂ ಇರ್ಲಿಲ್ಲ. ನಿನ್ ಅಂಗಿ ನೋಡಿ ನಂಗೆ ಹಿಂಗೆ ಕೈ ನೀಡೋರು. ನಾ ತೆಗ್ದು ಅಂಗೈಲಿ ಇಡ್ಬೇಕಿತ್ತು. ಅವ್ನಾದ್ರೂ ಉಳೀಲಿ ಅಂತ ಅವ್ರ ಆಸೆ.”

ಅತ್ತಿಗೆ ತಮ್ಮ ಕೈಯನ್ನು ಚಾಚಿ ತೋರಿಸಿದರು. ಕನಸಿನಲ್ಲಿ ಕಂಡ ಹಾಗೆಯೇ, ಹೆಬ್ಬೆರಳು ಸ್ವಲ್ಪ ಮಡಚಿ. ನಾನು ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಆ ದಿನಗಳಲ್ಲಿ ವಾಪಸು ಹೋಗುವಾಗೆಲ್ಲ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಜೇಬು ತಡಕಿ, ಬೆಂಕಿಪೊಟ್ಟಣ ಸಿಗದೆ, ಊರಿನ ಜೇಬುಗಳ್ಳರ ವಂಶವನ್ನೆಲ್ಲ ಬೈದು ಹೊಸದು ಕೊಳ್ಳುತ್ತಿದ್ದೆ.

ಚಿಕ್ಕಪ್ಪ ತಾವೇ ಎದ್ದು ಸಿಗರೇಟನ್ನು ಎಲೆಯಿಂದ ತೆಗೆದರು. ನಾನು ಅಲ್ಲಿ ನನ್ನ ಬೆಂಕಿಪೊಟ್ಟಣ ಇಟ್ಟೆ. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕಡ್ಡಿಗಳು ಅಲ್ಲಾಡಿದ ಸದ್ದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಷ್ಟೇ ಮೆಲ್ಲಗೆ. ಇಲಿ ಇರಬಹುದು ಎಂದು ನಾನು ಬೇಕಾದರೆ ವಾದಿಸಬಲ್ಲೆ. ಆದರೆ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲನ್ನೇ ನೋಡುತ್ತಿದ್ದರು.

ಮಾತ್ರೆ ಇನ್ನೂ ನಡೆದಿದೆ, ಡಾಕ್ಟರಮ್ಮ ಸಾಕು ಎನ್ನುವ ತನಕ. ಉಂಡ ಮೇಲೆ, ದೊಡ್ಡ ಲೋಟದ ನೀರಿನ ಜೊತೆ. ಕನಸು ಕಮ್ಮಿಯಾಗಿದೆ, ಅಣ್ಣ ಕೋರ್ಟಿಗೆ ಬರುವುದು ಅಪರೂಪ. ಬಂದರೂ ಬೆಂಚಿನಿಂದ ಏಳುವುದಿಲ್ಲ, ಕೈ ಮುಷ್ಟಿ ಕಟ್ಟಿರುತ್ತದೆ, ಒಳಗೆ ಏನನ್ನೋ ಹಿಡಿದುಕೊಂಡ ಹಾಗೆ. ಊರಿಗೆ ಹೋಗಿ ಬರುವಾಗ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಮಾತ್ರ ಈಗಲೂ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಜೇಬು ಖಾಲಿ. ಅಣ್ಣ ಬಂದು ಹೋಗಿದ್ದಾನೆ ಅಂದುಕೊಂಡು ಸಾಗರದ ಬಸ್ಸು ಹತ್ತುತ್ತೇನೆ.