ನೀರು ಕುಡಿಯದೆ ಎದ್ದುಹೋಗುವ ಸಿಸ್ಟರ್

ದೋರನಹಳ್ಳಿಯಲ್ಲಿ ವಾಂತಿಭೇದಿ ಹಬ್ಬಿದಾಗ, ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವ ಅಂಜುಬುರುಕ ಆರೋಗ್ಯ ಸಹಾಯಕನಾದ ನಾನು, ಕುಡಿಯುವ ಕೊಡದೊಳಗೆ ಕೈ ಅದ್ದಬೇಡಿರೆಂದು ಓಣಿ ಓಣಿಯಲ್ಲಿ ಗಂಟಲು ಹರಿದುಕೊಂಡೆ. ಯಾರೂ ಕೇಳಲಿಲ್ಲ.

ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್ ಸಿಸ್ಟರ್ ಭಾಷಣವನ್ನೇ ಮಾಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ್ ಗಿಲಾಸ್ ನೀರ್ ಕೊಡವ್ವಾ" ಅನ್ನುತ್ತಿದ್ದಳು. ಮನೆಯವಳು ಕೊಡಕ್ಕೆ ಕೈ ಇಳಿಸಿದೊಡನೆ, "ಕೈಬಳಿ ತೊಳದ ನೀರ್ ಬ್ಯಾಡವ್ವಾ, ಅದಕ್ಕಿಂತ ನೀರಡಿಕಿನ ಛಲೋ" ಎಂದು ನಗುತ್ತ ಎದ್ದುಬಿಡುತ್ತಿದ್ದಳು.

ಮನೆಗೆ ಬಂದವಳು ನೀರು ಕುಡಿಯದೆ ಹೋದಳೆಂಬ ನಾಚಿಕೆಗೆ, ವಾರದೊಳಗೆ ಓಣಿಯ ತುಂಬ ಉದ್ದ ಹಿಡಿಕೆಯ ಸವಟುಗಳು ನೇತಾಡಿದವು. ಭೇದಿ ನಿಂತಿತು. ನನ್ನ ಹೊಟ್ಟೆಕಿಚ್ಚು ನಿಲ್ಲಲಿಲ್ಲ.

ಒಮ್ಮೆ ಶಹಾಪುರದ ನನ್ನ ಮನೆಗೂ ಬಂದು ಹೋದಳು. ಮರುದಿನ ನಮ್ಮ ಕೊಡದ ಪಕ್ಕದಲ್ಲೂ ಸವಟು.

"ಇಪ್ಪತ್ತ ವರ್ಷದಿಂದ ನಾ ಹೇಳಾಕತ್ತೇನಲ್ಲ?" ಎಂದೆ ಹೆಂಡತಿಗೆ.

"ನೀವು ಬರೇ ಹೇಳಿದ್ರಿ" ಎಂದಳು. "ಆಕಿ ನೀರು ಕುಡೀಲಾರ್ದ ಹ್ವಾದಳು."