ಅಕ್ಕ ಕಳೆದುಕೊಳ್ಳದ ಬಳೆಗಳು

ನನ್ನ ಅಕ್ಕನ ಎರಡು ಬಂಗಾರದ ಬಳೆಗಳನ್ನು ಹಾಡಹಗಲೇ ಒಬ್ಬ ಕದ್ದೊಯ್ದ. ಠಾಣೆಯವರು ಅದನ್ನು ಕಳವೆಂದು ಬರೆದುಕೊಳ್ಳಲಿಲ್ಲ. ಯಾವ ಠಾಣೆ ಎಂದು ಹೇಳುವುದಿಲ್ಲ. ಅಷ್ಟು ಸಭ್ಯತೆ ನನ್ನಲ್ಲಿನ್ನೂ ಉಳಿದಿದೆ.

ಇಂದು ಬೆಳಿಗ್ಗೆ ಇಸಳೂರಿನ ನಮ್ಮ ಮನೆಯಲ್ಲಿ ಸೊಸೆ ಹಿತ್ತಾಳೆ ದೀಪಕ್ಕೆ ಹುಣಸೆಹುಳಿ ತಿಕ್ಕುತ್ತಿದ್ದಳು. ಆ ವಾಸನೆಗೆ ಎಲ್ಲವೂ ನೆನಪಾಯಿತು. ತೊಂಬತ್ತರ ದಶಕದಲ್ಲಿ ಒಂದು ದಿನ, ಸಿದ್ದಾಪುರದ ಕಡೆಯ ಅಕ್ಕನ ಮನೆಗೆ ಪಾತ್ರೆ ಬೆಳಗುವ ಪುಡಿ ಹಿಡಿದು ಒಬ್ಬ ಬಂದಿದ್ದ. ನಮ್ಮವರ ಪದ್ಧತಿ ನಿಮಗೆ ಗೊತ್ತಲ್ಲ: ಮೆಟ್ಟಿಲೇರಿದವನು ಯಾರೇ ಆಗಲಿ, ಮೊದಲು ಆಸರಿಗೆ ಏನು ಬೇಕೆಂದು ಕೇಳಿ ಕುಡಿಯಲು ಕೊಡಬೇಕು; ಬಂದ ಕೆಲಸ ವಿಚಾರಿಸುವುದು ಆಮೇಲೆ. ಅಕ್ಕ ಮಜ್ಜಿಗೆ ಕೊಟ್ಟಳು. ಅವನು ಒಂದು ಚೆಂಬನ್ನು ಫಳಫಳ ಬೆಳಗಿ ತೋರಿಸಿದ. ಬಳೆಗಳನ್ನೂ ಬಿಚ್ಚಿಸಿಕೊಂಡು, ಅರಿಶಿನ ನೀರಿನಲ್ಲಿ ಹಾಕಿದಂತೆ ಮಾಡಿ ಮುಚ್ಚಿಟ್ಟ. ಕಾಲು ಗಂಟೆ ಬಿಟ್ಟು ತೆಗೆಯಿರಿ ಎಂದು ಹೇಳಿ ಹೋದ. ಅಕ್ಕ ಶಿಸ್ತಿನವಳು, ಗಡಿಯಾರ ನೋಡಿಕೊಂಡೇ ಮುಚ್ಚಳ ತೆಗೆದಳು. ಅರಿಶಿನ ನೀರು ಇತ್ತು.

ಠಾಣೆಗೆ ನಾನೇ ಕರೆದೊಯ್ದೆ. ಹಾವೇರಿ ಕಡೆಯಿಂದ ವರ್ಗವಾಗಿ ಬಂದಿದ್ದ ಹವಾಲ್ದಾರರು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಮಜ್ಜಿಗೆಯ ಮಾತನ್ನೇ ಹಿಡಿದುಕೊಂಡರು.

"ಮಜ್ಜಿಗಿ ಕೊಟ್ಟು ಕುಂದ್ರಿಸೀರಿ, ಕೈಯಾರ ಬಳಿ ಬಿಚ್ಚಿ ಕೊಟ್ಟೀರಿ. ಕಳವು ಹೆಂಗಾಗ್ತದ ಅಜ್ಜಿ? ಕಳಕೊಂಡೇನಿ ಅಂತ ಬರದು ಕೊಡ್ರಿ."

ಬಾಗಿಲು ಮುರಿಯುವ ಶ್ರಮವನ್ನು ಕಳ್ಳನಿಗೆ ತಪ್ಪಿಸಿದ್ದೇ ಅಕ್ಕನ ಅಪರಾಧವಾಯಿತು. ಅರ್ಜಿ ಬರೆಯಬೇಕಾದವನು ನಾನು. ಜೀವಮಾನವಿಡೀ ಮಾಸ್ತರಿಕೆ ಮಾಡಿದವನ ಮುತ್ತಿನಂಥ ಅಕ್ಷರ. ಜೊತೆಗೆ ಶಿರಸಿಯ ಬಸ್ಸು ತಪ್ಪೀತೆಂಬ ಅವಸರ. ಅವರು ಹೇಳಿದಂತೆಯೇ ಬರೆದೆ.

ಸಹಿ ಹಾಕುವ ಮೊದಲು ಅಕ್ಕ ನನ್ನನ್ನು ನೋಡಿದಳು. "ಆನು ಕಳ್ಕಂಡಿದ್ನಿಲ್ಲೆ ತಮ್ಮಾ. ನಿಂಗಾದ್ರೂ ಗೊತ್ತಿದ್ದಲ."

ಗೊತ್ತಿತ್ತು. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ.

ಆ ಕಾಗದ ಕಳ್ಳನನ್ನು ಹಿಡಿಯಲಿಲ್ಲ, ಅಕ್ಕನನ್ನು ಹಿಡಿಯಿತು. ಕೈಮೇಲಿನ ಬಳೆಯನ್ನೇ ಕಳೆದುಕೊಂಡವಳಿಗೆ ಮರೆವು ಬಂದಿರಬೇಕೆಂದು ಮನೆಯವರು ಬಲು ಕರುಣೆಯಿಂದ ತೀರ್ಮಾನಿಸಿದರು. ಉಗ್ರಾಣದ ಕೀಲಿಕೈ ಅವಳ ಸೊಂಟದಿಂದ ಇಳಿಯಿತು. ಅವಳು ಏನು ಹೇಳಿದರೂ "ಪಾಪ" ಎಂಬ ಒಂದೇ ಉತ್ತರ. ಮೊಮ್ಮಕ್ಕಳ ನಕ್ಷತ್ರಗಳನ್ನೆಲ್ಲ ಒಂದೂ ತಪ್ಪದೆ ಹೇಳುತ್ತಲೇ, ಮರೆವಿನವಳೆಂಬ ಹೆಸರು ಹೊತ್ತು ತೀರಿಕೊಂಡಳು.

ಸೊಸೆ ದೀಪ ತೊಳೆದು ಒಳಗೆ ಹೋಗಿ ಬಹಳ ಹೊತ್ತಾಗಿದೆ. ನಾನಿನ್ನೂ ಜಗಲಿಯಲ್ಲೇ ಕುಳಿತಿದ್ದೇನೆ. ಇಷ್ಟು ವರ್ಷ ಹವಾಲ್ದಾರರೊಬ್ಬರನ್ನೇ ಬಯ್ಯುತ್ತ ಬಂದವನು ಇಂದು ಅವರ ಪಕ್ಕದಲ್ಲಿ ನನಗೂ ಒಂದು ಜಾಗ ಮಾಡಿಕೊಂಡೆ. ಆದ್ದರಿಂದ ಈ ಪ್ರಶ್ನೆ ಅವರಿಗೂ, ಅಕ್ಕನ ಮನೆಯವರಿಗೂ, ನನಗೂ: ಬಳೆ ಕದ್ದವನು ಒಬ್ಬ, ಅವಳ ಮಾತಿನ ಬೆಲೆಯನ್ನೇ ಕಿತ್ತುಕೊಂಡ ನಮ್ಮ ಮೇಲೆ ಅವಳು ಯಾವ ಠಾಣೆಗೆ ಹೋಗಿ ದೂರು ಕೊಡಬೇಕಿತ್ತು?