ಉಣ್ಣಲು ಕೋಟು

ನಮ್ಮ ಪಕ್ಕದ ಮನೆಯ ಫಿಟ್ಟರ್ ಸನತ್‌ನಗರದ ಕಾರ್ಖಾನೆಯಲ್ಲಿ ದುಡಿದವರು. ಎಣ್ಣೆ ಮೆತ್ತಿದ ಅಂಗಿಯಲ್ಲಿ ಅನ್ನ ಮುಟ್ಟುತ್ತಿರಲಿಲ್ಲ. ತಾಟು ಕಂಡರೆ ಸಾಕು, ಕೈ ತಾನಾಗಿ ಕುತ್ತಿಗೆಯ ಗುಂಡಿಗೆ ಹೋಗುತ್ತಿತ್ತು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬರಿಮೈಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದರು. ಕೆಲಸ ಬಿಟ್ಟ ಮೇಲೂ, ನಮ್ಮ ಮನೆಯಲ್ಲೂ ಹಾಗೆಯೇ. ಏನು ಅಂದರೂ ಒಂದೇ ಮಾತು: "ಇರ್ಲಿ ಬಿಡ್ರಿ."

ಮಗಳು ಅವರನ್ನು ತನ್ನ ಜೊತೆ ದೊಡ್ಡ ಹಡಗಿನ ಪ್ರವಾಸಕ್ಕೆ ಹೊರಡಿಸಿದಳು. ಪೆಟ್ಟಿಗೆಯಲ್ಲಿ ನೋಡಿದರೆ ಕರಿ ಕೋಟು, ಕರಿ ಬೂಟು, ಕೊರಳಿಗೆ ಬೋ ಟೈ!

"ಯಾರ ಲಗ್ನರೀ?" ಎಂದೆ.

"ಲಗ್ನ ಅಲ್ರಿ ಅಕ್ಕಾರ. ರಾತ್ರಿ ಊಟಕ್ಕ."

"ಉಣ್ಣಾಕ ಕೋಟ? ಮತ್ತ ಮಲಗಾಕ ತಲಿಗೆ ಪಟಗಾ ಸುತ್ತಬೇಕೇನು?"

"ಹಾಕ್ಕೊಳ್ಳಿಲ್ಲಂದ್ರ ಹಡಗಿನವ್ರು ಮಗಳ ಬಾಜೂಕ ಕುಂಡ್ರಾಕ ಬಿಡೂದಿಲ್ಲಂತ. ಇರ್ಲಿ ಬಿಡ್ರಿ."

ತಿರುಗಿ ಬಂದ ಮೇಲೆ ಮಗಳೇ ಹೇಳಿದಳು. ಮೊದಲ ರಾತ್ರಿ ತಾಟು ಬಂದದ್ದೇ ತಡ, ಅಪ್ಪನ ಕೈ ಕುತ್ತಿಗೆಗೆ ಹೋಯಿತಂತೆ. ಟೈ, ಕೋಟು, ಅಂಗಿ ಎಲ್ಲ ಕುರ್ಚಿಯ ಬೆನ್ನಿಗೆ. ಸುತ್ತಲಿನವರೆಲ್ಲ ಚಮಚ ಕೆಳಗಿಟ್ಟು ನೋಡಿದರಂತೆ.

"ನಾ ಅಪ್ಪನ್ನ ಅಲ್ಲೇ ಬಿಟ್ಟು ಎದ್ದು ಹೋದೆ, ದೊಡ್ಡವ್ವ," ಎಂದಳು.

ಮರುದಿನ ನಮ್ಮ ಮನೆಯಲ್ಲಿ ಅವರಿಗೆ ತಾಟು ಹಾಕಿದೆ. ಕೈ ಕುತ್ತಿಗೆಗೆ ಹೋಯಿತು. ಬಿಚ್ಚುತ್ತಾರೆ ಅಂದುಕೊಂಡೆ. ತೆರೆದಿದ್ದ ಮೇಲಿನ ಗುಂಡಿಯನ್ನೂ ಹಾಕಿಕೊಂಡರು. ನನ್ನ ಕೈಯ ಸೌಟು ಅಲ್ಲೇ ನಿಂತಿತು.

"ತೆಗೀರಿ, ಇದು ಹಡಗಲ್ಲ, ನಮ್ಮ ಮನಿ."

ಅವರು ಗೋಡೆಯ ಗೂಟವನ್ನೊಮ್ಮೆ ನೋಡಿದರು.

"ಇರ್ಲಿ ಬಿಡ್ರಿ," ಎಂದು ರೊಟ್ಟಿ ಮುರಿದರು.